ದಾಯಾದಿಗಳ ಪಂದ್ಯಾವಳಿ: ಬ್ರಿಟಿಷ್ ಹೋಮ್ ಚಾಂಪಿಯನ್‌ಶಿಪ್‌ನ ನೂರು ವರ್ಷ

ಸಭೆಗೆ ನಮಸ್ಕಾರ.

ಫುಟ್‌ಬಾಲ್ ಕುರಿತು ಒಂದು ಗಂಟೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ವಿಶ್ವಕಪ್ ಇತ್ತೆಂದು ನನಗೆ ಗೊತ್ತಿತ್ತು. ಆದರೂ ನಾನು ಆರಿಸಿಕೊಂಡದ್ದು 1984ರಲ್ಲಿ ಕಣ್ಣು ಮುಚ್ಚಿದ, ಈಗ ಕ್ರೀಡಾಪುಟಗಳಲ್ಲಿ ಹೆಸರೂ ಕಾಣದ ಒಂದು ಪಂದ್ಯಾವಳಿಯನ್ನು. ವಿಶ್ವಕಪ್ ಹುಟ್ಟುವುದಕ್ಕೆ 46 ವರ್ಷ ಮೊದಲೇ ಆರಂಭವಾಗಿ, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡ್ ತಂಡಗಳ ನಡುವೆ ಸರಿಯಾಗಿ ನೂರು ವರ್ಷಗಳ ಕಾಲ ನಡೆದ ಬ್ರಿಟಿಷ್ ಹೋಮ್ ಚಾಂಪಿಯನ್‌ಶಿಪ್ ಅದು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ಅದೇ. ಅದು ಹೇಗೆ ಬದುಕಿತು ಎಂಬುದಕ್ಕಿಂತ ಯಾರ ಕೈಯಲ್ಲಿ ಸತ್ತಿತು ಎಂಬುದೇ ನನ್ನ ಮುಖ್ಯ ಆಸಕ್ತಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಎಲ್ಲರಿಗೂ ಬರುವ ಒಂದು ಸಂದೇಹ. ಬ್ರಿಟನ್ ಒಂದೇ ದೇಶ, ಒಂದೇ ಸಿಂಹಾಸನ, ಒಂದೇ ಪಾಸ್‌ಪೋರ್ಟ್. ಹಾಗಿರುವಾಗ ಫುಟ್‌ಬಾಲ್‌ನಲ್ಲಿ ಮಾತ್ರ ನಾಲ್ಕು ತಂಡಗಳೇಕೆ? ಉತ್ತರ ಸರಳವಾಗಿದೆ. ಅಂತರರಾಷ್ಟ್ರೀಯ ಫುಟ್‌ಬಾಲ್ ಎಂಬುದೊಂದು ಇರಬಹುದೆಂದು ಬೇರೆ ಯಾರಿಗೂ ಹೊಳೆಯುವ ಮೊದಲೇ ಅಲ್ಲಿ ನಾಲ್ಕು ಸಂಸ್ಥೆಗಳು ಹುಟ್ಟಿದ್ದವು: ಇಂಗ್ಲೆಂಡಿನದು 1863ರಲ್ಲಿ, ಸ್ಕಾಟ್ಲೆಂಡಿನದು 1873ರಲ್ಲಿ, ವೇಲ್ಸ್‌ನದು 1876ರಲ್ಲಿ, ಐರ್ಲೆಂಡಿನದು 1880ರಲ್ಲಿ. ಫಿಫಾ ಹುಟ್ಟಿದ್ದು 1904ರಲ್ಲಿ. ಹಿರಿಯರು ಬೇರೆ ಬೇರೆ ಒಲೆ ಹೂಡಿ ಆದಮೇಲೆ ಬಂದ ಕಿರಿಯ ಸಂಸ್ಥೆ, ನಾಲ್ಕೂ ಒಲೆಗಳನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಯಿತು. ನಮ್ಮ ಸಂತೋಷ್ ಟ್ರೋಫಿಯನ್ನು ನೆನೆದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕವು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, ಮೈಸೂರು ಎಂಬ ಹೆಸರಿನಲ್ಲಿ ಕೊನೆಯದಾಗಿ ಗೆದ್ದ 54 ವರ್ಷಗಳ ನಂತರ ಆ ಟ್ರೋಫಿಯನ್ನು ಮರಳಿ ತಂದಿತು. ಆ ಕರ್ನಾಟಕಕ್ಕೆ, ಆ ಮೇಘಾಲಯಕ್ಕೆ, ಬಂಗಾಳಕ್ಕೆ, ಕೇರಳಕ್ಕೆ ಫಿಫಾದಲ್ಲಿ ಪ್ರತ್ಯೇಕ ಕುರ್ಚಿಯೂ ವಿಶ್ವಕಪ್ಪಿಗೆ ಪ್ರತ್ಯೇಕ ದಾರಿಯೂ ಇದ್ದಿದ್ದರೆ ಹೇಗಿರುತ್ತಿತ್ತೋ ಬ್ರಿಟನ್ನಿನ ಸ್ಥಿತಿ ಹೆಚ್ಚುಕಡಿಮೆ ಹಾಗಿತ್ತು. ಈಗಲೂ ಹಾಗೆಯೇ ಇದೆ.

ದಾಖಲೆಗೆ ಸಿಗುವ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರ ನವೆಂಬರ್ 30ರಂದು, ಗ್ಲಾಸ್ಗೋ ಪಕ್ಕದ ಪಾರ್ಟಿಕ್‌ನ ಒಂದು ಕ್ರಿಕೆಟ್ ಮೈದಾನದಲ್ಲಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೂ ಗೋಲು ಹೊಡೆಯದೆ ಕೈಕುಲುಕಿದವು. ನಂತರದ ಹತ್ತು ವರ್ಷಗಳಲ್ಲಿ ಪಂದ್ಯಗಳು ಹೆಚ್ಚಿದವು, ಜೊತೆಗೆ ತಕರಾರುಗಳೂ ಹೆಚ್ಚಿದವು. ನಾಲ್ಕು ಸಂಸ್ಥೆಗಳು, ನಾಲ್ಕು ನಿಯಮಾವಳಿಗಳು. ಗೆರೆ ದಾಟಿದ ಚೆಂಡನ್ನು ಒಳಗೆ ಎಸೆಯುವಾಗ ಒಂದು ಕೈ ಸಾಕೋ ಎರಡೂ ಕೈ ಬೇಕೋ ಎಂಬಂಥ ವಿಷಯದಲ್ಲಿಯೂ ಒಮ್ಮತವಿರಲಿಲ್ಲ. ಯಾರ ಮೈದಾನವೋ ಅವರ ನಿಯಮ ಎಂಬುದು ರೂಢಿಯಾಗಿತ್ತು. 1882ರ ಡಿಸೆಂಬರ್‌ನಲ್ಲಿ ನಾಲ್ವರೂ ಮ್ಯಾಂಚೆಸ್ಟರ್‌ನಲ್ಲಿ ಕುಳಿತು ಒಂದೇ ನಿಯಮಾವಳಿಗೆ ಒಪ್ಪಿದರು. ಆ ಬೈಠಕ್ಕಿನಿಂದ ಎರಡು ಸಂತಾನಗಳಾದವು. ಒಂದು, ಮರುವರ್ಷದ ಋತುವಿನಲ್ಲಿ ಆರಂಭವಾದ ಈ ಚಾಂಪಿಯನ್‌ಶಿಪ್. ಇನ್ನೊಂದು, 1886ರಲ್ಲಿ ರೂಪುಗೊಂಡ, ಇಂದಿಗೂ ಫುಟ್‌ಬಾಲ್ ನಿಯಮಗಳನ್ನು ಬರೆಯುವ ಅಂತರರಾಷ್ಟ್ರೀಯ ಮಂಡಳಿ. ಮೊದಲನೆಯದು ಸತ್ತಿದೆ, ಎರಡನೆಯದು ಗಟ್ಟಿಮುಟ್ಟಾಗಿದೆ. ಆ ಮಂಡಳಿಯ ಎಂಟು ಮತಗಳಲ್ಲಿ ನಾಲ್ಕು ಇವತ್ತಿಗೂ ಈ ನಾಲ್ಕು ಬ್ರಿಟಿಷ್ ಸಂಸ್ಥೆಗಳ ಕೈಯಲ್ಲಿವೆ, ಉಳಿದ ಇಡೀ ಜಗತ್ತಿನ ಪರವಾಗಿ ಫಿಫಾಕ್ಕೆ ನಾಲ್ಕು. ಒಂದು ನಿಯಮ ಬದಲಾಗಬೇಕಾದರೆ ಆರು ಮತ ಬೇಕು. ವೇಲ್ಸ್‌ಗೆ ಸಿಗುವ ಒಂದು ಮತ ಬ್ರೆಜಿಲ್‌ಗೆ ಸಿಗುವುದಿಲ್ಲ ಎಂಬುದು ನ್ಯಾಯವೋ ಅಲ್ಲವೋ ನೀವೇ ಹೇಳಿ, ಇತಿಹಾಸವಂತೂ ಹೌದು.

ಪಂದ್ಯಾವಳಿಯ ಚೌಕಟ್ಟಿನಲ್ಲಿ ಕಷ್ಟದ್ದೇನೂ ಇರಲಿಲ್ಲ. ಪ್ರತಿಯೊಬ್ಬರೂ ಉಳಿದ ಮೂವರೊಡನೆ ಒಮ್ಮೆ ಆಡಬೇಕು, ಒಟ್ಟು ಆರು ಪಂದ್ಯ, ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಅಂಕ ಸಮವಾದರೆ ಪ್ರಶಸ್ತಿಯನ್ನು ಹಂಚಿಕೊಳ್ಳಬೇಕು. ಗೋಲುಗಳ ಅಂತರವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಬಂದದ್ದು 1970ರ ದಶಕದ ಕೊನೆಗೆ. 1884ರ ಜನವರಿ 26ರಂದು ಬೆಲ್‌ಫಾಸ್ಟ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಸ್ಕಾಟ್ಲೆಂಡ್ ಐರ್ಲೆಂಡನ್ನು 5-0ರಿಂದ ಮಣಿಸಿ, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದಿತು. ಇಂಗ್ಲಿಷರು ಆಗಿನ್ನೂ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬೊಬ್ಬರಾಗಿ ನುಗ್ಗುವ ಆಟವನ್ನು ನೆಚ್ಚಿಕೊಂಡಿದ್ದರೆ, ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಕ್ಲಬ್ಬಿನಲ್ಲಿ ಪಳಗಿದ ಸ್ಕಾಟ್ಲೆಂಡಿನವರು ಒಬ್ಬರಿಂದೊಬ್ಬರಿಗೆ ಚೆಂಡನ್ನು ದಾಟಿಸುತ್ತ ಸಾಗುವುದನ್ನು ಕಲಿತಿದ್ದರು. ಮೊದಲ ನಾಲ್ಕು ವರ್ಷವೂ ಪ್ರಶಸ್ತಿ ಅವರದೇ, ಅದರಲ್ಲಿ ಒಮ್ಮೆ ಮಾತ್ರ ಇಂಗ್ಲೆಂಡಿನೊಡನೆ ಹಂಚಿಕೊಂಡದ್ದು. ಪಾಸಿಂಗ್ ಎಂದು ನಾವು ಇಂದು ಸಹಜವಾಗಿ ಕರೆಯುವ ಆಟಕ್ಕೆ ಹೀಗೊಂದು ಪರೀಕ್ಷಾ ಮೈದಾನ ಸಿಕ್ಕಿತು.

ಈ ಕಥೆಯಲ್ಲಿ ತಡೆದು ನಿಲ್ಲಬೇಕಾದ ಒಂದು ದಿನವಿದೆ, 1902ರ ಏಪ್ರಿಲ್ 5. ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಪಂದ್ಯ. ಕಬ್ಬಿಣದ ಕಂಬಗಳ ಮೇಲೆ ಮರದ ಹಲಗೆ ಹೊದಿಸಿ ಕಟ್ಟಿದ ಹೊಸ ಅಟ್ಟಣಿಗೆಯ ಮೇಲೆ ಜನ ಒತ್ತೊತ್ತಾಗಿ ನಿಂತಿದ್ದರು. ಹಿಂದಿನ ರಾತ್ರಿ ಮಳೆ ಸುರಿದಿತ್ತು. ಆಟ ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ ಹಲಗೆಗಳು ಮುರಿದು, ನಿಂತವರ ಕಾಲ ಕೆಳಗೆ ಬಾವಿಯಂತೆ ಒಂದು ಕಂಡಿ ತೆರೆದುಕೊಂಡು, ಜನ ಸುಮಾರು 40 ಅಡಿ ಕೆಳಕ್ಕೆ ಒಬ್ಬರ ಮೇಲೊಬ್ಬರು ಬಿದ್ದರು. 25 ಮಂದಿ ಸತ್ತರು, 500ಕ್ಕೂ ಹೆಚ್ಚು ಜನ ಗಾಯಗೊಂಡರು. ಮೈ ನಡುಗಿಸುವ ಸಂಗತಿಯೆಂದರೆ, ಸ್ವಲ್ಪ ಹೊತ್ತು ನಿಂತ ಆಟವನ್ನು ಮತ್ತೆ ಆರಂಭಿಸಿ ಕೊನೆಯವರೆಗೂ ಆಡಿಸಲಾಯಿತು. 1-1ರ ಆ ಫಲಿತಾಂಶವನ್ನು ಆಮೇಲೆ ರದ್ದು ಮಾಡಿ, ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮರುಪಂದ್ಯ ನಡೆಸಿದರು. ಎತ್ತರದ ಮರದ ಅಟ್ಟಣಿಗೆಗಳ ಬದಲು ಮಣ್ಣಿನ ದಿಬ್ಬ ಏರಿಸಿ ಅದರ ಮೇಲೆ ಪ್ರೇಕ್ಷಕರನ್ನು ನಿಲ್ಲಿಸುವ ರೀತಿ ಹರಡಿದ್ದು ಈ ದುರಂತದ ನಂತರ.

ವೇಲ್ಸ್ ಮೊದಲ ಬಾರಿಗೆ ಪ್ರಶಸ್ತಿ ಕಂಡದ್ದು 1907ರಲ್ಲಿ. ಐರ್ಲೆಂಡ್ ಇನ್ನೂ ಏಳು ವರ್ಷ ಕಾಯಬೇಕಾಯಿತು. 1882ರಲ್ಲಿ ತಾನಾಡಿದ ಮೊಟ್ಟಮೊದಲ ಪಂದ್ಯದಲ್ಲಿ ಇಂಗ್ಲೆಂಡಿಗೆ 13-0ರಿಂದ ಸೋತಿದ್ದ ತಂಡ ಅದು. 1903ರಲ್ಲಿ ಒಮ್ಮೆ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳೊಡನೆ ಪ್ರಶಸ್ತಿಯ ಮೂರನೆಯ ಒಂದು ಪಾಲು ಪಡೆದಿತ್ತು. 1914ರಲ್ಲಿ ಅದೇ ತಂಡ ವೇಲ್ಸ್ ನೆಲದಲ್ಲಿ ವೇಲ್ಸನ್ನೂ, ಮಿಡಲ್ಸ್‌ಬರೋದಲ್ಲಿ ಇಂಗ್ಲೆಂಡನ್ನು 3-0ರಿಂದಲೂ ಸೋಲಿಸಿ, ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡನ್ನು 1-1ಕ್ಕೆ ತಡೆದು, ಒಂಟಿಯಾಗಿ ಪ್ರಶಸ್ತಿ ಗೆದ್ದಿತು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಶುರುವಾಯಿತು. ಯುದ್ಧ ಮುಗಿದ ಸ್ವಲ್ಪ ಕಾಲಕ್ಕೇ ಐರ್ಲೆಂಡ್ ಎರಡಾಯಿತು. 1921ರಲ್ಲಿ ಡಬ್ಲಿನ್‌ನಲ್ಲಿ ಬೇರೆ ಫುಟ್‌ಬಾಲ್ ಸಂಸ್ಥೆಯೇ ಹುಟ್ಟಿತು, ಆದರೂ ಬೆಲ್‌ಫಾಸ್ಟ್‌ನ ಹಳೆಯ ಸಂಸ್ಥೆ 1950ರವರೆಗೂ ಇಡೀ ದ್ವೀಪದಿಂದ ಆಟಗಾರರನ್ನು ಆರಿಸುತ್ತಲೇ ಇತ್ತು. ಒಬ್ಬನೇ ಆಟಗಾರ ಎರಡೂ ಐರ್ಲೆಂಡ್‌ಗಳಿಗೆ ಆಡಿದ ಉದಾಹರಣೆಗಳಿವೆ. ದೇಶ ಭಾಗವಾದರೂ ತಂಡ ಭಾಗವಾಗಲು ಮೂವತ್ತು ವರ್ಷ ಹಿಡಿಯಿತು. ಈ ಪಂದ್ಯಾವಳಿಯಲ್ಲಿ ಮುಂದೆ ಆಡಿದ್ದು ಬೆಲ್‌ಫಾಸ್ಟ್‌ನ ತಂಡ, ಅಂದರೆ ಉತ್ತರ ಐರ್ಲೆಂಡ್.

ಈ ಪಂದ್ಯಾವಳಿಯ ಜೀವಾಳವೆಂದರೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ದಾಯಾದಿ ಪಂದ್ಯ. ಒಂದು ವರ್ಷ ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕ್‌ನಲ್ಲಿ, ಮರುವರ್ಷ ಲಂಡನ್ನಿನ ವೆಂಬ್ಲಿಯಲ್ಲಿ. ವೆಂಬ್ಲಿಯ ಸರದಿ ಬಂದಾಗ ಹೋಗಿಬರಲು ಸ್ಕಾಟ್ಲೆಂಡಿನ ಕಾರ್ಖಾನೆಗಳಲ್ಲಿ, ಪಬ್ಬುಗಳಲ್ಲಿ ಜನ ವಾರವಾರ ಒಂದಿಷ್ಟು ದುಡ್ಡು ಕೂಡಿಡುತ್ತಿದ್ದರು. ನಮ್ಮಲ್ಲಿ ಜಾತ್ರೆಗೋ ಮದುವೆಗೋ ಚೀಟಿ ಹಾಕಿದಂತೆ ಎನ್ನಿ. 1928ರ ಮಾರ್ಚ್ 31ರಂದು ಹಾಗೆ ಹೋದವರಿಗೆ ಜನ್ಮಕ್ಕಾಗುವಷ್ಟು ಸಂತೋಷ ಸಿಕ್ಕಿತು. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಸ್ಕಾಟ್ಲೆಂಡ್ 5-1ರಿಂದ ಗೆದ್ದಿತು. ಅಲೆಕ್ಸ್ ಜಾಕ್ಸನ್ ಮೂರು, ಅಲೆಕ್ಸ್ ಜೇಮ್ಸ್ ಎರಡು ಗೋಲು ಹೊಡೆದರು. ಮುಂಚೂಣಿಯ ಐವರಲ್ಲಿ ಅತಿ ಎತ್ತರದವರಾದ ಜಾಕ್ಸನ್‌ರೇ 5 ಅಡಿ 7 ಅಂಗುಲ. ನೆನೆದ ನೆಲದಲ್ಲಿ ಇಂಗ್ಲೆಂಡಿನ ದೊಡ್ಡಾಳುಗಳು ತಿರುಗುವಷ್ಟರಲ್ಲಿ ಈ ಕುಳ್ಳರು ಚೆಂಡಿನೊಡನೆ ದಾಟಿಹೋಗಿರುತ್ತಿದ್ದರು. ವಿಚಿತ್ರವೆಂದರೆ, ಸ್ಕಾಟ್ಲೆಂಡಿನವರು ಇಂದಿಗೂ ಹಾಡಿ ಹೊಗಳುವ ಆ ವರ್ಷದ ಪ್ರಶಸ್ತಿ ಗೆದ್ದದ್ದು ವೇಲ್ಸ್. ಅದನ್ನು ವೇಲ್ಸ್‌ನವರ ಹೊರತು ಬೇರೆ ಯಾರೂ ನೆನೆಯುವುದಿಲ್ಲ. ಈ ಪಂದ್ಯಾವಳಿಯ ರೋಗಲಕ್ಷಣ ಇಲ್ಲೇ ಕಾಣುತ್ತದೆ: ಆರು ಪಂದ್ಯಗಳಲ್ಲಿ ಒಂದು ಹಬ್ಬ, ಉಳಿದ ಐದು ಆ ಹಬ್ಬದ ತಯಾರಿ.

ಮರುವರ್ಷ, 1929ರಲ್ಲಿ, ಹ್ಯಾಂಪ್‌ಡನ್‌ನಲ್ಲಿ ಅದೇ ಜಾಕ್ಸನ್ ಮೊಣಕೈ ಗಾಯವಾಗಿ ಮೈದಾನ ಬಿಡಬೇಕಾಯಿತು. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಹತ್ತೇ ಜನ ಉಳಿದ ಸ್ಕಾಟ್ಲೆಂಡ್ ತಡೆದುಕೊಂಡು ನಿಂತಿತ್ತು. ಆಟ ಮುಗಿಯಲು ಒಂದೆರಡು ನಿಮಿಷ ಇರುವಾಗ ಅಲೆಕ್ ಚೇನ್ ಮೂಲೆಯಿಂದ ಒದ್ದ ಕಾರ್ನರ್ ಗಾಳಿಯಲ್ಲಿ ಬಾಗಿ ನೇರವಾಗಿ ಗೋಲಿನೊಳಕ್ಕೆ ಹೋಯಿತು. ಎದ್ದ ಕೂಗು ಆಸ್ಪತ್ರೆಯಲ್ಲಿ ಮಲಗಿದ್ದ ಜಾಕ್ಸನ್‌ರ ಕಿವಿಗೂ ಬಿತ್ತೆಂದು ಹೇಳುತ್ತಾರೆ. ‘ಹ್ಯಾಂಪ್‌ಡನ್ ರೋರ್’ ಎಂಬ ಮಾತು ಆ ಗಳಿಗೆಯಲ್ಲಿ ಹುಟ್ಟಿತೆಂದೂ ಹೇಳುತ್ತಾರೆ. ಹೇಳಿಕೆಯಲ್ಲಿ ಒಂದಿಷ್ಟು ಉಪ್ಪುಖಾರ ಇರಬಹುದು, ಆದರೆ ಆ ಮೈದಾನದ ಜನಸಂಖ್ಯೆಗೆ ಉಪ್ಪುಖಾರ ಬೇಕಿಲ್ಲ. 1937ರ ಏಪ್ರಿಲ್ 17ರಂದು ಸ್ಕಾಟ್ಲೆಂಡ್ 3-1ರಿಂದ ಗೆದ್ದ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕವರೇ 1,49,415 ಮಂದಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣವನ್ನು ಸುಮಾರು ಆರು ಬಾರಿ ತುಂಬಿಸುವಷ್ಟು ಜನ ಒಂದೇ ಮಧ್ಯಾಹ್ನ ಒಂದೇ ಕಡೆ ನಿಂತಿದ್ದರು.

ಇನ್ನು ಹಟದ ಕಥೆ. ಫಿಫಾದೊಡನೆ ಮುನಿಸಿಕೊಂಡು 1928ರಲ್ಲಿ ಹೊರಬಂದಿದ್ದ ಬ್ರಿಟಿಷ್ ಸಂಸ್ಥೆಗಳು ವಿಶ್ವಕಪ್ಪಿನ ಮೊದಲ ಮೂರು ಆವೃತ್ತಿಗಳ ಕಡೆ ತಿರುಗಿಯೂ ನೋಡಲಿಲ್ಲ. 1946ರಲ್ಲಿ ಅವು ಮರಳಿದಾಗ ಫಿಫಾ ಉದಾರವಾಗಿ ನಡೆದುಕೊಂಡು, 1949-50ರ ಹೋಮ್ ಚಾಂಪಿಯನ್‌ಶಿಪ್ಪನ್ನೇ ಅರ್ಹತಾ ಸುತ್ತೆಂದು ಪರಿಗಣಿಸಿ, ಮೊದಲ ಇಬ್ಬರಿಗೆ ಬ್ರೆಜಿಲ್‌ನ ವಿಶ್ವಕಪ್ಪಿನಲ್ಲಿ ಸ್ಥಾನ ಕೊಡುವುದಾಗಿ ಹೇಳಿತು. ಚಾಂಪಿಯನ್ ಆದರೆ ಮಾತ್ರ ಹೋಗುತ್ತೇವೆ, ಎರಡನೆಯವರಾಗಿ ಹೋಗುವುದಿಲ್ಲ ಎಂದು ಸ್ಕಾಟ್ಲೆಂಡಿನ ಸಂಸ್ಥೆ ಸಾರಿಬಿಟ್ಟಿತು. ಕೊನೆಯ ಪಂದ್ಯಕ್ಕೆ ಬಂದಾಗ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಎರಡರ ಬಳಿಯೂ ನಾಲ್ಕು ನಾಲ್ಕು ಅಂಕ. ಅಂದರೆ ಇಬ್ಬರಿಗೂ ಸ್ಥಾನ ಆಗಲೇ ಖಚಿತ. ಡ್ರಾ ಆಗಿದ್ದರೂ ಪ್ರಶಸ್ತಿ ಹಂಚಿಕೆಯಾಗಿ ಮರ್ಯಾದೆ ಉಳಿಯುತ್ತಿತ್ತು. 1950ರ ಏಪ್ರಿಲ್ 15ರಂದು ಹ್ಯಾಂಪ್‌ಡನ್‌ನಲ್ಲಿ ರಾಯ್ ಬೆಂಟ್ಲಿ ಇಂಗ್ಲೆಂಡಿನ ಪರವಾಗಿ ಒಂದು ಗೋಲು ಹೊಡೆದರು. ವಿಲ್ಲಿ ಬಾಲ್ಡ್ ಒದ್ದ ಚೆಂಡು ಇಂಗ್ಲೆಂಡಿನ ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು, ಒಳಗೆ ಹೋಗಲಿಲ್ಲ. ಆ ಕೆಲವು ಅಂಗುಲಗಳ ಅಂತರದಲ್ಲಿ ಒಂದು ದೇಶದ ವಿಶ್ವಕಪ್ ಯಾತ್ರೆ ಮುಗಿದುಹೋಯಿತು. ಎದುರಾಳಿಗಳ ನಾಯಕ ಬಿಲ್ಲಿ ರೈಟ್ ಸೇರಿದಂತೆ ಆಟಗಾರರು ಮನವೊಲಿಸಲು ನೋಡಿದರೂ ಅಧಿಕಾರಿಗಳು ಜಗ್ಗಲಿಲ್ಲ. ಅವಕಾಶವಿದ್ದೂ ಆ ವಿಶ್ವಕಪ್ಪಿಗೆ ಹೋಗದ ದೇಶಗಳಲ್ಲಿ ನಮ್ಮದೂ ಒಂದು. ಆ ವಿಚಾರ ಬೇರೆ ಉಪನ್ಯಾಸಕ್ಕೆ ಇರಲಿ.

ಹಾಗೆ ಬ್ರೆಜಿಲ್‌ಗೆ ಹೋದ ಇಂಗ್ಲೆಂಡ್ ಅಮೆರಿಕಕ್ಕೆ 1-0ರಿಂದ ಸೋತಿತು. 1953ರ ನವೆಂಬರ್‌ನಲ್ಲಿ ಹಂಗೇರಿ ವೆಂಬ್ಲಿಗೇ ಬಂದು 6-3ರಿಂದ ಸೋಲಿಸಿ ಹೋಯಿತು. ಎಪ್ಪತ್ತು ವರ್ಷ ತಮ್ಮ ತಮ್ಮೊಳಗೇ ಆಡಿಕೊಂಡು, ಮನೆಯಲ್ಲಿ ಗೆದ್ದವನೇ ಜಗತ್ತಿನಲ್ಲಿ ಗೆದ್ದವನೆಂದು ನಂಬಿದ್ದರ ಬೆಲೆ ಅದು. ಹೋಮ್ ಚಾಂಪಿಯನ್‌ಶಿಪ್ ಬಗ್ಗೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಬ್ರಿಟಿಷ್ ಫುಟ್‌ಬಾಲನ್ನು ಬಾವಿಯ ಕಪ್ಪೆಯಾಗಿ ಇಟ್ಟದ್ದರಲ್ಲಿ ಅದರ ಪಾಲು ದೊಡ್ಡದೆಂಬುದನ್ನು ಮುಚ್ಚಿಡಲಾರೆ.

1956ರಲ್ಲಿ ಒಂದು ತಮಾಷೆ ನಡೆಯಿತು. ಹ್ಯಾಂಪ್‌ಡನ್‌ನಲ್ಲಿ ಸೋಲಿನ ಅಂಚಿನಲ್ಲಿದ್ದ ಇಂಗ್ಲೆಂಡಿಗೆ ಜಾನಿ ಹೇನ್ಸ್ ಕೊನೆಯ ಗಳಿಗೆಯಲ್ಲಿ ಗೋಲು ತಂದುಕೊಟ್ಟರು. ಲೆಕ್ಕ ಹಾಕಿದರೆ ನಾಲ್ಕೂ ತಂಡಗಳಿಗೆ ಮೂರು ಮೂರು ಅಂಕ! ನಾಲ್ವರೂ ಚಾಂಪಿಯನ್, ನಾಲ್ವರೂ ಕೊನೆಯವರು. ಎರಡು ವರ್ಷದ ನಂತರ ನಾಲ್ಕೂ ತಂಡಗಳು ಸ್ವೀಡನ್‌ನ ವಿಶ್ವಕಪ್ಪಿಗೆ ಹೋದವು. ಹಾಗೆ ಆದದ್ದು ಅದೊಂದೇ ಸಲ. 1961ರಲ್ಲಿ ಇಂಗ್ಲೆಂಡ್ 9-3ರಿಂದ ಸ್ಕಾಟ್ಲೆಂಡನ್ನು ಜಜ್ಜಿತು. 1967ರ ಏಪ್ರಿಲ್‌ನಲ್ಲಿ, ವಿಶ್ವಕಪ್ ಗೆದ್ದು ಒಂಬತ್ತು ತಿಂಗಳಾಗಿದ್ದ ಇಂಗ್ಲೆಂಡನ್ನು ವೆಂಬ್ಲಿಯಲ್ಲೇ ಸ್ಕಾಟ್ಲೆಂಡ್ 3-2ರಿಂದ ಸೋಲಿಸಿತು. ಆಟದ ನಡುವೆ ಜಿಮ್ ಬ್ಯಾಕ್ಸ್‌ಟರ್ ಓಡುವುದನ್ನು ಬಿಟ್ಟು, ಚೆಂಡನ್ನು ಕಾಲಿನಿಂದ ಮೇಲಕ್ಕೆ ಪುಟಿಸುತ್ತ ಹೆಜ್ಜೆ ಹಾಕಿದ್ದು ಗೋಲುಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ. ವಿಶ್ವ ಚಾಂಪಿಯನ್ನರನ್ನು ಸೋಲಿಸಿದ ಮೇಲೆ ನಾವೇ ವಿಶ್ವ ಚಾಂಪಿಯನ್ನರು ಎಂದು ಸ್ಕಾಟ್ಲೆಂಡಿನವರು ಹೇಳಿಕೊಂಡರೆ ತಪ್ಪೇನು?

ಅವನತಿ ಶುರುವಾದದ್ದು ಒಂದೇ ಕಾರಣದಿಂದಲ್ಲ. 1968-69ರಿಂದ ಆರೂ ಪಂದ್ಯಗಳನ್ನು ಮೇ ತಿಂಗಳ ಒಂದು ವಾರದ ಆಸುಪಾಸಿಗೆ ತಂದರು. ಕ್ಲಬ್ಬುಗಳಿಗಾಗಿ ವರ್ಷವಿಡೀ ಆಡಿ ದಣಿದ ಕಾಲುಗಳಿಗೆ ಮತ್ತೆ ಮೂರು ಪಂದ್ಯ. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡುಗಳ ಕಾಲ ಬಂತು. 1973ರಲ್ಲಿ ಆ ತಂಡ ತನ್ನ ‘ತವರಿನ’ ಪಂದ್ಯಗಳನ್ನು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಆಡಬೇಕಾಯಿತು. 1977ರಲ್ಲಿ ವೆಂಬ್ಲಿಯಲ್ಲಿ 2-1ರಿಂದ ಗೆದ್ದ ಸ್ಕಾಟ್ಲೆಂಡಿನ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ, ಗೋಲುಕಂಬದ ಮೇಲೆ ಹತ್ತಿ ಅದನ್ನು ಮುರಿದು, ಹುಲ್ಲಿನ ಹೆಪ್ಪಳಿಕೆಗಳನ್ನು ಕಿತ್ತು ಊರಿಗೆ ಹೊತ್ತರು. ಅದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 1981ರ ಮೇ ತಿಂಗಳಲ್ಲಿ ಉಪವಾಸ ಸತ್ಯಾಗ್ರಹದಲ್ಲಿದ್ದ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಐರಿಷ್ ಕೈದಿ ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ ಸತ್ತ ಮೇಲೆ ಬೆಲ್‌ಫಾಸ್ಟ್ ಹೊತ್ತಿ ಉರಿಯುತ್ತಿದ್ದಾಗ, ಇಂಗ್ಲೆಂಡ್ ಮತ್ತು ವೇಲ್ಸ್ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಎರಡು ಮಹಾಯುದ್ಧಗಳನ್ನು ಬಿಟ್ಟರೆ ಪ್ರಶಸ್ತಿ ಯಾರಿಗೂ ಸಿಗದೆ ಹೋದದ್ದು ಆ ವರ್ಷ ಮಾತ್ರ.

ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ಕೊಡಲಿ ಏಟು ಬಿದ್ದದ್ದು ಲೆಕ್ಕದ ಪುಸ್ತಕದಿಂದ. ದಾಯಾದಿ ಪಂದ್ಯವೊಂದನ್ನು ಬಿಟ್ಟರೆ ಉಳಿದವಕ್ಕೆ ಜನ ಬರುತ್ತಿರಲಿಲ್ಲ. ಒಂದು ಲಕ್ಷ ಜನ ಹಿಡಿಯುತ್ತಿದ್ದ ವೆಂಬ್ಲಿಯಲ್ಲಿ ಉತ್ತರ ಐರ್ಲೆಂಡ್ ಬಂದಾಗ ಬಹುಪಾಲು ಜಾಗ ಖಾಲಿ ಇರುತ್ತಿತ್ತು. ಬ್ರೆಜಿಲ್ ಅಥವಾ ಜರ್ಮನಿಯನ್ನು ಕರೆಸಿ ಆಡಿದರೆ ಅನುಭವವೂ ಬರುತ್ತದೆ, ಹಣವೂ ಬರುತ್ತದೆ ಎಂಬ ವಾದವನ್ನು ಮುಂದಿಟ್ಟು, 1983-84ರ ನಂತರ ತಾವು ಆಡುವುದಿಲ್ಲವೆಂದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಘೋಷಿಸಿದವು. ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಸಂಸ್ಥೆಗಳ ಬೊಕ್ಕಸಕ್ಕೆ ಈ ಪಂದ್ಯಗಳ ಟಿಕೆಟ್ ಮತ್ತು ಟಿವಿ ಹಣವೇ ಆಧಾರವಾಗಿತ್ತು. ದೊಡ್ಡ ಮನೆಗಳಿಗೆ ಹೊರೆಯಾಗಿ ಕಂಡದ್ದು ಚಿಕ್ಕ ಮನೆಗಳ ಜೀವನೋಪಾಯವಾಗಿತ್ತು. ಬೇಸರದ ಮಾತೆಂದರೆ, ಅನುಭವಕ್ಕಾಗಿ ಎಂಬ ಆ ವಾದದ ಜೊತೆಗೇ ತಮ್ಮಿಬ್ಬರ ನಡುವಿನ ಪಂದ್ಯವನ್ನು ಮಾತ್ರ ಅವರು ಬಿಡಲಿಲ್ಲ. ರೌಸ್ ಕಪ್ ಎಂಬ ಹೊಸ ಹೆಸರಿಟ್ಟು 1989ರವರೆಗೆ ಅದನ್ನು ನಡೆಸಿಕೊಂಡರು. 2011ರಲ್ಲಿ ಡಬ್ಲಿನ್‌ನಲ್ಲಿ ಇಂಗ್ಲೆಂಡ್ ಇಲ್ಲದೆ, ಐರ್ಲೆಂಡ್ ಗಣರಾಜ್ಯವನ್ನು ಸೇರಿಸಿಕೊಂಡು ನೇಷನ್ಸ್ ಕಪ್ ಎಂಬ ಮರುಹುಟ್ಟಿನ ಪ್ರಯತ್ನ ನಡೆಯಿತು. ಜನ ಬರಲಿಲ್ಲ, ಎರಡನೆಯ ಆವೃತ್ತಿಯೂ ಬರಲಿಲ್ಲ.

ಒಟ್ಟು ಲೆಕ್ಕವನ್ನೊಮ್ಮೆ ನೋಡೋಣ. ಮುಗಿದ 88 ಋತುಗಳಲ್ಲಿ ಇಂಗ್ಲೆಂಡ್ ಒಂಟಿಯಾಗಿ 34 ಬಾರಿ, ಸ್ಕಾಟ್ಲೆಂಡ್ 24 ಬಾರಿ, ವೇಲ್ಸ್ 7 ಬಾರಿ ಗೆದ್ದಿವೆ. ಪ್ರಶಸ್ತಿ ಹಂಚಿಕೆಯಾದ 20 ಸಲವೂ ಹಂಚಿಕೊಂಡವರಲ್ಲಿ ಇಂಗ್ಲೆಂಡ್ ಇದ್ದೇ ಇತ್ತು. 1937ರ ನಂತರ ವೇಲ್ಸ್ ಒಂಟಿಯಾಗಿ ಗೆಲ್ಲಲೇ ಇಲ್ಲ. ಐರ್ಲೆಂಡಿನ ಗೆಲುವುಗಳು ಮೂರು: ಆಗಲೇ ಹೇಳಿದ 1914ರದ್ದು, ತನ್ನ ಸಂಸ್ಥೆಯ ಶತಮಾನೋತ್ಸವದ ವರ್ಷವಾದ 1980ರದ್ದು, ಮೂರನೆಯದು ಆ ಕೊನೆಯ ವರ್ಷದ್ದು.

ಆ ಮೂರನೆಯದನ್ನು ವಿವರವಾಗಿ ಹೇಳಲೇಬೇಕು. 1983ರ ಡಿಸೆಂಬರ್‌ನಲ್ಲಿ ಉತ್ತರ ಐರ್ಲೆಂಡ್ ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡನ್ನು 2-0ರಿಂದ ಸೋಲಿಸಿತು. ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ 1-0ರಿಂದ ಸೋತಿತು. ಮೇ 22ರಂದು ಸ್ವಾನ್‌ಸಿಯಲ್ಲಿ ವೇಲ್ಸ್‌ನೊಡನೆ 1-1. ಅಲ್ಲಿಗೆ ಅದರ ಪಂದ್ಯಗಳು ಮುಗಿದವು: ಮೂರು ಅಂಕ, ಹೊಡೆದ ಗೋಲು ಮೂರು, ಬಿಟ್ಟುಕೊಟ್ಟದ್ದು ಎರಡು. ವೇಲ್ಸ್‌ಗೂ ಮೂರೇ ಅಂಕ, ಆದರೆ ಗೋಲುಗಳ ಅಂತರ ಸೊನ್ನೆ. ಉಳಿದದ್ದು ಮೇ 26ರ ಶನಿವಾರ ಹ್ಯಾಂಪ್‌ಡನ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಆಡಬೇಕಿದ್ದ ಪಂದ್ಯ. ಎರಡಕ್ಕೂ ತಲಾ ಎರಡು ಅಂಕ. ಯಾರು ಗೆದ್ದರೂ ನಾಲ್ಕು ಅಂಕ, ಯಾರು ಗೆದ್ದರೂ ನೂರು ವರ್ಷದ ಕೊನೆಯ ಪ್ರಶಸ್ತಿ ಅವರದು. ಮಾರ್ಕ್ ಮೆಘೀ ತಲೆಯಿಂದ ಹೊಡೆದ ಗೋಲಿನಿಂದ ಸ್ಕಾಟ್ಲೆಂಡ್ ಮುಂದಾಯಿತು. ವಿರಾಮಕ್ಕೆ ಮುನ್ನವೇ ಟೋನಿ ವುಡ್‌ಕಾಕ್ ಅದನ್ನು ಸಮ ಮಾಡಿದರು. ದ್ವಿತೀಯಾರ್ಧ ಪೂರ್ತಿ ಇಬ್ಬರೂ ಹೆಣಗಿದರೂ ಇನ್ನೊಂದು ಗೋಲು ಬರಲಿಲ್ಲ.

ಮತ್ತೊಮ್ಮೆ, 1956ರಂತೆಯೇ, ನಾಲ್ವರಿಗೂ ಮೂರು ಮೂರು ಅಂಕ. ಆದರೆ ಈ ಸಲ ಗೋಲುಗಳ ಅಂತರದ ನಿಯಮ ಜಾರಿಯಲ್ಲಿತ್ತು. ಪಂದ್ಯಾವಳಿಗೆ ಬಾಗಿಲು ಹಾಕಿದ ಇಬ್ಬರೂ ಒಬ್ಬರನ್ನೊಬ್ಬರು ಗೆಲ್ಲಲಾರದೆ, ಆ ದಿನ ಮೈದಾನದಲ್ಲೇ ಇಲ್ಲದ ಮೂರನೆಯವರ ಕೈಗೆ ಕಪ್ಪನ್ನು ಇಟ್ಟಿದ್ದರು. ಐದನೆಯ ಜಾರ್ಜ್ ದೊರೆಯ ಆಳ್ವಿಕೆಯ ರಜತ ಮಹೋತ್ಸವದ ನೆನಪಿಗಾಗಿ 1935ರಲ್ಲಿ ಮಾಡಿಸಿದ ಆ ಬೆಳ್ಳಿಯ ಕಪ್ಪು ಬೆಲ್‌ಫಾಸ್ಟ್‌ಗೆ ಹೋಯಿತು. ಮುಂದಿನ ವರ್ಷ ಅದನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲವಾದ್ದರಿಂದ ಅದು ಅಲ್ಲಿಯೇ ಉಳಿಯಿತು.